ಎಂಟನೆಯ ಬಕೀಟು

ನವೆಂಬರ್ 5, ಸೋಮವಾರ
ರಕ್ತದೊತ್ತಡ 152/90. ಗೋಡೆಯ ಕರೆಂಟು 206 ವೋಲ್ಟ್.

ಮೊದಲ ಅಂಕಿ ಬರೆಯಬೇಕೆಂದವರು ಪಾಲಿಕ್ಲಿನಿಕ್ಕಿನ ಡಾಕ್ಟರಮ್ಮ. ಎರಡನೆಯದನ್ನು ಮೂವತ್ತೊಂದು ವರ್ಷದಿಂದ ನಾನಾಗಿಯೇ ಬರೆಯುತ್ತಿದ್ದೇನೆ. "ದಿನಾ ಬೆಳಿಗ್ಗೆ ಬರೆದಿಡಿ, ಮನಸ್ಸಿಗೆ ಏನನ್ನಿಸ್ತು ಅನ್ನೋದನ್ನೂ ಎರಡು ಸಾಲು ಸೇರಿಸಿ" ಅಂದರು. ಅದಕ್ಕೆಂದು ಹೊಸ ಪುಸ್ತಕ ಯಾಕೆ? ನಾನು ಧ್ವನಿಯ ಕೆಲಸ ನೋಡುವ ರಂಗಮಂದಿರದ ಅಳತೆ ಪುಸ್ತಕವನ್ನು ತಿರುಗಿಸಿಟ್ಟು ಹಿಂದಿನಿಂದ ಶುರು ಮಾಡಿದ್ದೇನೆ. ಮುಂದಿನಿಂದ ಯಂತ್ರಗಳದ್ದು, ಹಿಂದಿನಿಂದ ನನ್ನದು. ಎರಡೂ ನಡುವೆ ಎಲ್ಲೋ ಸೇರಿದಾಗ ನೋಡಿಕೊಳ್ಳೋಣ.

ತಾಷ್ಕೆಂಟಿನ ಕಾಲೇಜಿನಲ್ಲಿ ಇಂಗ್ಲಿಷ್ ಮೇಡಂ ದಿನಕ್ಕೊಬ್ಬರನ್ನು ಎಬ್ಬಿಸಿ ವರದಿ ಒಪ್ಪಿಸಲು ಹೇಳುತ್ತಿದ್ದರು. ಐ ಯಾಮ್ ಆನ್ ಡ್ಯೂಟಿ ಟುಡೇ. ನೋಬಡಿ ಈಸ್ ಆಬ್ಸೆಂಟ್. ಇವತ್ತಿನ ಪಾಳಿ ನನ್ನದು, ಎಲ್ಲರೂ ಹಾಜರು. ಮೂರನೆಯದೊಂದು ವಾಕ್ಯವಿತ್ತು, ನೆನಪಿಗೆ ಬರುತ್ತಿಲ್ಲ. ಎರಡನೆಯದಂತೂ ಈಗ ಸುಳ್ಳು. ನನ್ನ ಹೆಂಡತಿ ಬಾತ್ಮಾ ಹೋಗಿ ಈ ತಿಂಗಳಿಗೆ ಎರಡು ವರ್ಷ.

ಇರಲಿ. ಇವತ್ತು ಹೊಸ ಆಂಪ್ಲಿಫೈಯರ್ ಬಂತು. ನನ್ನವು ಎಂಟು, ನೆಲಮಾಳಿಗೆಯ ಒಂದಿಡೀ ಗೋಡೆ ಹಿಡಿದಿವೆ. ಒಂದೊಂದನ್ನೂ ಎತ್ತಲು ಇಬ್ಬರು ಬೇಕು. ಇದು ಒಂದೇ ಕಪ್ಪು ಪೆಟ್ಟಿಗೆ, ಎರಡು ನಿಘಂಟು ಒಂದರ ಮೇಲೊಂದು ಇಟ್ಟಷ್ಟು ಎತ್ತರ. ಒಳಗೆ ಎಂಟು ಚಾನೆಲ್. ಸಭಾಂಗಣದ ಎಂಟು ಸಾಲು ಸ್ಪೀಕರುಗಳಿಗೂ ಇದೊಂದೇ ಸಾಕಂತೆ. ಕಲ್ಲಂಗಡಿ ಹಣ್ಣಿನಂತೆ ಕಂಕುಳಲ್ಲಿ ಅದನ್ನು ಹಿಡಿದು ಮೆಟ್ಟಿಲಿಳಿದು ಬಂದವನು, ಬೇರೆ ಯಾರು, ಶೈಲೋಬೆಕ್.

ಹನ್ನೊಂದು ವರ್ಷ ನನ್ನ ಕೈಕೆಳಗೆ ಇದ್ದವನು. ತಂತಿಯ ತುದಿ ಸುಲಿಯುವುದನ್ನೂ ನಾನೇ ಕಲಿಸಿದೆ. ಆಮೇಲೆ ಅಲ್ಮಾಟಿಗೆ ಹೋದ, ಸಾಮಾನು ಮಾರುವ ಕಂಪನಿಯೊಂದರಲ್ಲಿ ಅಳತೆಯ ಇಂಜಿನಿಯರ್ ಆದ. ಈಗ ಅವರ ಪರವಾಗಿ ಬಂದಿದ್ದಾನೆ, ಇಲ್ಲಿ ಅಕ್ಕನ ಮನೆಯಲ್ಲಿ ಇಳಿದುಕೊಂಡಿದ್ದಾನೆ.

"ಅಗಾಯ್! ಇನ್ನೂ ಇಲ್ಲೇ ಇದೀರಾ!" ಎಂದು ಎರಡೂ ಕೈಯಲ್ಲಿ ನನ್ನ ಕೈ ಹಿಡಿದ. ಕಲಿಸಿದವರನ್ನು ಅಗಾಯ್ ಎನ್ನಬೇಕು, ಅದೊಂದನ್ನು ಮರೆತಿಲ್ಲ.

"ಇನ್ನೆಲ್ಲಿ ಇರ್ಬೇಕಿತ್ತು?" ಅಂದೆ.

ಐವತ್ತೊಂದಾದರೂ ತಲೆತುಂಬ ಕೂದಲು. ಒಂದೂ ನರೆತಿಲ್ಲ. ಆ 'ಇನ್ನೂ' ಅನ್ನುವ ಮಾತು ಈಗಲೂ ಕಿವಿಯಲ್ಲಿದೆ.

ನವೆಂಬರ್ 6, ಮಂಗಳವಾರ
158/94. ಗೋಡೆ 204.

ನಾಲ್ಕು ನಿಮಿಷ. ನನ್ನ ಮೀಟರು ಬಿಸಿಯಾಗಲಿಕ್ಕೇ ಇಪ್ಪತ್ತು ನಿಮಿಷ ಬೇಕು. ಅವನು ನಾಲ್ಕು ನಿಮಿಷದಲ್ಲಿ ಅಳತೆಯನ್ನೇ ಮುಗಿಸಿದ.

ಅವನದೊಂದು ಬೆಳ್ಳಿ ಬಣ್ಣದ ಪೆಟ್ಟಿಗೆ ಇದೆ. ಒಂದು ಶುದ್ಧ ಸ್ವರವನ್ನು ಆಂಪ್ಲಿಫೈಯರಿನೊಳಗೆ ಕಳಿಸುವುದು, ಹೊರಗೆ ಬಂದದ್ದರಲ್ಲಿ ಆ ಸ್ವರವನ್ನು ತೆಗೆದುಹಾಕಿ ಉಳಿದದ್ದೆಷ್ಟು ಎಂದು ನೋಡುವುದು. ಉಳಿದದ್ದು ಕೊಳೆ. ನನ್ನದೂ ಅದೇ ಕೆಲಸ ಮಾಡುತ್ತದೆ. ಆದರೆ ಅವನದಕ್ಕೆ ಮುಳ್ಳಿಲ್ಲ, ಬಣ್ಣದ ಗೆರೆಗಳು ತಾವಾಗಿ ಬರುತ್ತವೆ. ನೂರಕ್ಕೆ ಸೊನ್ನೆ ಬಿಂದು ಸೊನ್ನೆ ಸೊನ್ನೆ ನಾಲ್ಕು ಪಾಲು ಕೊಳೆ. ನಮ್ಮ ನಿರ್ದೇಶಕಿ ತಿನಾರಾ ಕುಬಾತೊವ್ನಾ ಚಪ್ಪಾಳೆ ತಟ್ಟಿದರು. ಅವರಿಗೆ ಆ ಅಂಕಿ ಒಳ್ಳೆಯದೋ ಕೆಟ್ಟದ್ದೋ ಗೊತ್ತಿಲ್ಲ. ಗೆರೆ ಹಸಿರು ಬಣ್ಣದ್ದಿತ್ತು, ಅದಕ್ಕೆ ತಟ್ಟಿದರು.

"ಎಸೆನ್ ಶಾಕಿರೊವಿಚ್, ನೀವೂ ಒಂದು ಸಹಿ ಹಾಕ್ಬಿಡಿ. ಇಪ್ಪತ್ತಮೂರಕ್ಕೆ ಸಮಿತಿ ಕೂತ್ಕೊಳತ್ತೆ" ಅಂದರು. "ಆಮೇಲೆ ಕೆಳಗಿನ ಆ ಹಳೇ ಕಬ್ಬಿಣ ಎಲ್ಲ ತೆಗೆಸಿಬಿಡೋಣ. ವೇಷಭೂಷಣದವರು ಜಾಗ ಜಾಗ ಅಂತ ಪ್ರಾಣ ತಿಂತಿದಾರೆ."

ಹಳೇ ಕಬ್ಬಿಣ.

"ನಾನೂ ಅಳೆದು ಆಮೇಲೆ ಸಹಿ" ಅಂದೆ.

ಶೈಲೋಬೆಕ್ ನಕ್ಕ. "ಅಳೀಲೇಬೇಕು ಅಗಾಯ್. ನೀವು ಅಳೀದೆ ಸಹಿ ಹಾಕಿದ್ರೆ ನಾನೇ ನಂಬಲ್ಲ."

ಮಾತು ಬೆಣ್ಣೆ. ಹಿಂದೊಮ್ಮೆ ಕೋರಸ್ಸಿನ ಅಭ್ಯಾಸ ನಡೆಯುತ್ತಿತ್ತು. ಬಾತ್ಮಾ ಎರಡನೇ ಸಾಲಿನಲ್ಲಿ ಹಾಡುತ್ತಿದ್ದಳು, ಇಪ್ಪತ್ತೆಂಟು ವರ್ಷ ಅದೇ ಸಾಲು. ಮೂರನೇ ಆಂಪ್ಲಿಫೈಯರ್ ಗೊರಗೊರ ಅನ್ನುತ್ತಿದೆ ಅಂದ ಇವನು. ನನ್ನ ಮೀಟರಿನಲ್ಲಿ ಎಲ್ಲ ಸರಿಯಿತ್ತು. ಬಿಚ್ಚಿ ನೋಡಿದರೆ ಒಂದು ಕಂಡೆನ್ಸರ್ ಒಣಗಿತ್ತು. ಅಂದು ಸಂಜೆ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಅವಳು ತಾನೇ ಬಕೀಟಿನಲ್ಲಿ ಉಪ್ಪು ಹಾಕಿ ಹುಳಿ ಬರಿಸಿದ ಎಲೆಕೋಸನ್ನು ಮೊದಲು ಅವನ ತಟ್ಟೆಗೆ ಬಡಿಸಿ ನನ್ನ ಕಡೆ ತಿರುಗಿ, "ಅವನು ಕೇಳಿಸ್ಕೊಳ್ತಾನೆ ಕಣ್ರೀ. ನೀವು ಮುಳ್ಳು ನೋಡ್ತೀರಿ" ಅಂದಳು.

ಮೊದಲು ಅವನ ತಟ್ಟೆಗೆ.

ಇದು ಹೊಟ್ಟೆಕಿಚ್ಚಲ್ಲ. ಅಳತೆಯ ವಿಷಯ.

ನವೆಂಬರ್ 9, ಶುಕ್ರವಾರ
134/82! ಗೋಡೆ 207.

ಎರಡು ದಿನ ರಜೆ ಇತ್ತು, ಹಿರಿಯರ ಸ್ಮರಣೆಯ ರಜೆ. ನಿನ್ನೆ ಬಾತ್ಮಾಳ ಗೋರಿಯ ಹತ್ತಿರ ಹೋಗಿದ್ದೆ. ಎಲೆಗಳನ್ನು ಯಾರೋ ಆಗಲೇ ಗುಡಿಸಿದ್ದರು. ಕಾವಲುಗಾರನನ್ನು ಕೇಳಿದೆ. "ಎತ್ತರದ ಮನುಷ್ಯ, ಕೂದಲು ಸೊಂಪಾಗಿದೆ, ಬೆಳಿಗ್ಗೇನೇ ಬಂದು ಪ್ರಾರ್ಥನೆ ಮಾಡ್ಕೊಂಡು ಹೋದ" ಅಂದ. ನನಗಿಂತ ಮೊದಲು ಬಂದಿದ್ದಾನೆ! ನಾನು ಬಸ್ಸು ಬದಲಿಸಿ, ಪೊರಕೆಯನ್ನು ಪೇಪರಿನಲ್ಲಿ ಸುತ್ತಿಕೊಂಡು ಹೋಗಿದ್ದೆ. ಗುಡಿಸಿದ ನೆಲವನ್ನೇ ಇನ್ನೊಮ್ಮೆ ಗುಡಿಸಿ ಬಂದೆ.

ಅದು ಹಾಗಿರಲಿ. ಇವತ್ತಿನದು ಬೇರೆ ಸುದ್ದಿ.

ಬೆಳಿಗ್ಗೆ ಏಳಕ್ಕೇ ಬಂದು ಮೀಟರ್ ಹಾಕಿದೆ. ಆಂಪ್ಲಿಫೈಯರಿಗೆ ಸ್ಪೀಕರ್ ಬದಲು ಹೀಟರಿನ ಸುರುಳಿ ಕಟ್ಟಿ ಬಕೀಟು ನೀರಿನಲ್ಲಿ ಇಳಿಬಿಡುವುದು ನನ್ನ ಪದ್ಧತಿ. ಪೂರ್ತಿ ಶಕ್ತಿಯ ಸ್ವರವನ್ನು ಸ್ಪೀಕರಿಗೆ ಕೊಟ್ಟರೆ ಕಟ್ಟಡದವರೆಲ್ಲ ಬೀದಿಗೆ ಓಡಿಯಾರು. ಸುರುಳಿ ಬಾಯಿ ಬಿಡದೆ ಬಿಸಿಯಾಗುತ್ತದೆ. ಅವನ ಹತ್ತಿರ ಇದಕ್ಕೂ ಫ್ಯಾನಿರುವ ಎರಡು ಉಕ್ಕಿನ ಡಬ್ಬಗಳಿವೆ. ಇರಲಿ ಬಿಡಿ.

ಮುಳ್ಳು ನಿಂತದ್ದು ಒಂದೂಕಾಲಿಗೆ. ನೂರಕ್ಕೆ ಒಂದೂಕಾಲು ಪಾಲು ಕೊಳೆ! ಅವನು ಹೇಳಿದ್ದಕ್ಕಿಂತ ಮುನ್ನೂರು ಪಟ್ಟು. ಎರಡನೇ ಚಾನೆಲ್ಲಿಗೆ ಹಾಕಿದೆ, ಒಂದೂಕಾಲು. ಮೂರನೆಯದು, ಹಾಗೇ. ನನ್ನ ಹಳೇ ಕಬ್ಬಿಣದಲ್ಲಿ ಕೂಡ ಅರೆಪಾಲು ದಾಟುವುದಿಲ್ಲ. ಎಂಟಕ್ಕೆ ಎಂಟೂ ಕೊಳಕು, ಮೇಲೆ ಮಾತ್ರ ಹೊಳಪು ಕಪ್ಪು ಬಣ್ಣ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಕೂತು ಲಗ್ಮಾನ್ ನೂಡಲ್ಸ್ ತಿಂದೆ. ಬೋಗುಣಿಯ ರಸವನ್ನೂ ಬಿಡದೆ ಕುಡಿದೆ. ಮನೆಯಲ್ಲಾದರೆ ಅಡುಗೆಮನೆಯ ಕಟ್ಟೆಯ ಹತ್ತಿರ ನಿಂತೇ ತಿನ್ನುವುದು. ನೆಲ ಒರೆಸುವ ಸಾಲ್ಕಿನ್ ಬಂದು, "ಏನ್ ಎಸೆನ್ ಅಣ್ಣ, ಮದುವೆಗಿದುವೆ ಮಾಡ್ಕೋತಿದೀರಾ? ಮುಖ ನೋಡಿ ಹೇಗೆ ಹೊಳೀತಿದೆ" ಅಂದಳು.

"ಅಳತೆ ಸರಿಯಾಗಿ ಬಂತಮ್ಮ" ಅಂದೆ.

"ಯಾರಿಗೆ ಅಂಗಿ ಹೊಲಿಸ್ತಿದೀರಿ?" ಅಂತಾಳೆ.

ನವೆಂಬರ್ 12, ಸೋಮವಾರ
136/84. ಗೋಡೆ 203.

ತಿನಾರಾ ಕುಬಾತೊವ್ನಾ ಅವರ ಕೋಣೆಯಲ್ಲಿ, ಅವನ ಎದುರಿಗೇ, ವರದಿ ಓದಿದೆ. ನಿಂತುಕೊಂಡೇ ಓದಿದೆ. ಐ ಯಾಮ್ ಆನ್ ಡ್ಯೂಟಿ ಟುಡೇ. ಒಂದೂಕಾಲು ಅನ್ನುವಾಗ ಅವನ ಮುಖ ನೋಡಿದೆ. ಅವನು ತಲೆ ಎತ್ತಿದ, ಏನೋ ಹೇಳಲು ಬಾಯಿ ತೆರೆದ, ಮುಚ್ಚಿಕೊಂಡ.

"ಯಾವುದ್ರಲ್ಲಿ ಅಳೆದ್ರಿ ಅಗಾಯ್?" ಮೆಲ್ಲಗೆ ಕೇಳಿದ.

"ನೀನು ಅಳೆಯೋದು ಕಲಿತೆಯಲ್ಲ, ಅದ್ರಲ್ಲೇ."

ನೆಲ ನೋಡಿದ. "ಸರಿ" ಅಂದ. ಅಷ್ಟೇ! ನಾನು ಜಗಳಕ್ಕೆ ಎಂಟು ಉತ್ತರ ಸಿದ್ಧ ಮಾಡಿಕೊಂಡು ಹೋಗಿದ್ದೆ, ಒಂದೂ ಖರ್ಚಾಗಲಿಲ್ಲ.

ತಿನಾರಾ ಕುಬಾತೊವ್ನಾ ಕೆಂಪಾದರು. "ಹಾಗಾದ್ರೆ ಆ ಹಸಿರು ಗೆರೆ ಸುಳ್ಳಾ ಶೈಲೋಬೆಕ್? ನಿಮ್ಮ ಸಹಿ ಇದೆಯಲ್ಲ ಅದರ ಕೆಳಗೆ?" ಅಂದರು. ಕಂಪನಿಗೆ ಇವತ್ತೇ ಪತ್ರ ಹೋಯಿತು, ನನ್ನ ವರದಿ ಲಗತ್ತಿಸಿ. ಇಪ್ಪತ್ತಮೂರಕ್ಕೆ ಸಮಿತಿ ಪೆಟ್ಟಿಗೆಯನ್ನು ವಾಪಸ್ ಕಳಿಸುತ್ತದೆ.

ಮುಳ್ಳು ನೋಡುವವನಿಗೂ ಒಂದು ದಿನ ಬರುತ್ತದೆ, ಬಾತ್ಮಾ.

ನವೆಂಬರ್ 14, ಬುಧವಾರ
140/86.

ಸಾಲ್ಕಿನ್ ಮನೆಯಿಂದ ಹಿಟ್ಟಿನ ಬಿಲ್ಲೆ ಬೋರ್ಸೋಕ್ ಕರಿದು ತಂದಿದ್ದಳು. ಬಟ್ಟೆಯ ಗಂಟಿನಲ್ಲಿ ಅರ್ಧಕ್ಕರ್ಧ ಶೈಲೋಬೆಕ್‌ಗೆ. "ಪಾಪ, ಅವನಿಗೆ ಮೊದಲಿಂದ್ಲೂ ಇಷ್ಟ" ಅಂದಳು. ನನಗೂ ಮೊದಲಿಂದ ಇಷ್ಟವೇ. ಮೂವತ್ತೊಂದು ವರ್ಷದಲ್ಲಿ ಯಾರೂ ಕೇಳಿಲ್ಲ.

ನವೆಂಬರ್ 15, ಗುರುವಾರ
150/92. ಗೋಡೆ 205.

ಸಮಿತಿಗೆ ಪೂರ್ತಿ ಪಟ್ಟಿ ಬೇಕು ಅಂತ ಇನ್ನೊಮ್ಮೆ ಅಳೆಯಲು ಕೂತೆ, ಸಣ್ಣ ಶಕ್ತಿಯಿಂದ ದೊಡ್ಡ ಶಕ್ತಿಯವರೆಗೆ. ಇಲ್ಲಿ ಒಂದು ವಿಚಿತ್ರ. ಸ್ವರ ಜೋರಾದಷ್ಟೂ ಕೊಳೆಯ ಪಾಲು ಕಡಿಮೆಯಾಗುತ್ತದೆ. ಎಲ್ಲ ಆಂಪ್ಲಿಫೈಯರುಗಳಲ್ಲೂ ಕಿರುಚಿದಷ್ಟು ಕೊಳೆ ಹೆಚ್ಚಬೇಕು. ಇದರಲ್ಲಿ ಕೊಳೆ ಇದ್ದಷ್ಟೇ ಇದೆ, ಸ್ವರ ಬೆಳೆದಂತೆ ಅದರ ಪಾಲು ಸಣ್ಣದಾಗಿ ಕಾಣುತ್ತಿದೆ. ಕೊನೆಗೆ ಸ್ವರವನ್ನೇ ಕಿತ್ತುಹಾಕಿದೆ. ಒಳಗೆ ಏನೂ ಹೋಗುತ್ತಿಲ್ಲ. ಮುಳ್ಳು ಹಾಗೇ ನಿಂತಿದೆ!

ಬಕೀಟಿನ ಸುರುಳಿ ಬಿಚ್ಚಿ ಒಂದು ಸ್ಪೀಕರ್ ಕಟ್ಟಿದೆ. ಸಾಲ್ಕಿನ್ ಅಲ್ಲೇ ನೆಲ ಒರೆಸುತ್ತಿದ್ದಳು.

"ಇದನ್ನ ಹಾಕಿದೀರಾ, ಆರಿಸಿದೀರಾ?" ಅಂದಳು.

"ಹಾಕಿದೆ. ಕಿವಿ ಇಟ್ಟು ನೋಡು, ಗೊರಗೊರ ಅನ್ನಬೇಕು."

ತಲೆವಸ್ತ್ರ ಸರಿಸಿ ಸ್ಪೀಕರಿಗೆ ಕಿವಿ ಹಚ್ಚಿದಳು. ಬಹಳ ಹೊತ್ತು ಹಾಗೇ ಇದ್ದಳು. "ಏನೂ ಇಲ್ಲಪ್ಪ. ಹಿಮ ಬಿದ್ದ ಬೆಳಿಗ್ಗೆ ಇದ್ದ ಹಾಗಿದೆ."

ನಾನೂ ಕಿವಿ ಇಟ್ಟೆ. ಅರವತ್ತಾರರ ಕಿವಿ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಆದರೂ ನನ್ನ ಹಳೆಯ ಎಂಟರಲ್ಲಿ ಯಾವುದಕ್ಕೆ ಕಿವಿ ಇಟ್ಟರೂ ಒಂದು ಸಣ್ಣ ಗುಂಯ್ ಇರುತ್ತದೆ, ಅದನ್ನು ನಾನು ಕತ್ತಲಲ್ಲೂ ಗುರುತಿಸಬಲ್ಲೆ. ಇಲ್ಲಿ ಏನೂ ಇರಲಿಲ್ಲ.

ಮುಳ್ಳು ಇದೆ ಎನ್ನುತ್ತದೆ, ಕಿವಿ ಇಲ್ಲ ಎನ್ನುತ್ತದೆ.

ಪಟ್ಟಿ ಅರ್ಧಕ್ಕೆ ನಿಲ್ಲಿಸಿ ಮನೆಗೆ ಬಂದೆ.

ನವೆಂಬರ್ 17, ಶನಿವಾರ
170/102. ಗೋಡೆ 201.

ಬರೆಯಲೋ ಬೇಡವೋ ಎಂದು ಮೂರು ಸಲ ಪೆನ್ನು ಕೆಳಗಿಟ್ಟೆ. ನನಗೊಬ್ಬನಿಗೇ ತಾನೆ ಇದು, ಬರೆದರೇನು.

ತಂತಿಯಲ್ಲಿನ ಅಲೆಯನ್ನು ತೋರಿಸುವ ಆಸಿಲೋಸ್ಕೋಪಿನ ಪರದೆಯ ಮೇಲೆ ಗೆರೆ ಯಾಕೋ ದಪ್ಪಗಿತ್ತು. ಹಳೆಯದು, ಗಾಜು ಮಂಕಾಗಿದೆ ಅಂದುಕೊಂಡಿದ್ದೆ. ವೇಗದ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದೆ. ದಪ್ಪ ಗೆರೆ ಬಿಡಿಸಿಕೊಂಡಿತು. ಸಣ್ಣ ಸಣ್ಣ ಹಲ್ಲುಗಳು, ಬಾಚಣಿಗೆಯಂತೆ ಒಂದೇ ಸಮ. ಎಣಿಸಿದೆ. ಸೆಕೆಂಡಿಗೆ ನಾಲ್ಕು ಲಕ್ಷ.

ಮನುಷ್ಯನ ಕಿವಿ ಇಪ್ಪತ್ತು ಸಾವಿರಕ್ಕೆ ಮುಗಿಯುತ್ತದೆ. ನನ್ನದು ಆರು ಸಾವಿರಕ್ಕೇ ಮುಗಿದಿರಬೇಕು. ನಾಲ್ಕು ಲಕ್ಷವನ್ನು ನಾಯಿಯೂ ಕೇಳಲಾರದು, ಬಾವಲಿಯೂ ಕೇಳಲಾರದು. ಈ ಹೊಸ ಪೆಟ್ಟಿಗೆ ಸ್ವರವನ್ನು ನೂಡಲ್ಸಿನ ಹಿಟ್ಟಿನಂತೆ ಚೂರು ಚೂರು ಕತ್ತರಿಸಿ, ದೊಡ್ಡದು ಮಾಡಿ, ಮತ್ತೆ ಜೋಡಿಸುತ್ತದೆ. ಆ ಚಾಕುವಿನ ಗುರುತು ತಂತಿಯಲ್ಲಿ ಉಳಿಯುತ್ತದೆ, ಸ್ವರದಲ್ಲಿ ಅಲ್ಲ. ನನ್ನ ಮೀಟರು ಹುಟ್ಟಿದಾಗ ಇಂಥ ಆಂಪ್ಲಿಫೈಯರ್ ಇರಲೇ ಇಲ್ಲ. ತಂತಿಯಲ್ಲಿ ಕಂಡದ್ದೆಲ್ಲ ಕೊಳೆ ಎಂದು ಅದು ನಂಬಿದೆ. ಅದನ್ನು ನಾನು ನಂಬಿದೆ. ನಂಬಬೇಕು ಅಂತ ಅವಸರವಿತ್ತು ನನಗೆ.

ಮೀಟರಿನ ಮುಂದೆ ಒಂದು ಫಿಲ್ಟರ್ ಇರಬೇಕು, ಕಿವಿಗೆ ಬೇಡದ್ದನ್ನು ತಡೆಯುವ ಜರಡಿ. ಪೆಟ್ಟಿಗೆಯ ಜೊತೆ ಬಂದ ಇಂಗ್ಲಿಷ್ ಪುಸ್ತಕದ ಅರವತ್ತೊಂದನೇ ಪುಟದಲ್ಲಿ ಚೌಕದೊಳಗೆ ದಪ್ಪಕ್ಷರದಲ್ಲಿ ಅದನ್ನೇ ಬರೆದಿದ್ದಾರೆ. ನಾನು ನಲವತ್ತನೇ ಪುಟಕ್ಕೆ ನಿಲ್ಲಿಸಿದ್ದೆ.

ಫಿಲ್ಟರನ್ನು ನಾನೇ ಮಾಡಿದೆ. ಸುತ್ತಲು ಏನೂ ಸಿಗದೆ ಬಾತ್ಮಾಳ ಹೊಲಿಗೆ ಡಬ್ಬಿಯಿಂದ ಮರದ ದಾರದ ಉರುಳೆ ತಂದೆ. ಅದರಲ್ಲಿ ಇನ್ನೂ ಸ್ವಲ್ಪ ನೀಲಿ ದಾರವಿತ್ತು, ಬಿಚ್ಚಿ ಕಾಗದಕ್ಕೆ ಸುತ್ತಿಟ್ಟೆ. ಉರುಳೆಗೆ ತಾಮ್ರದ ತಂತಿ ಸುತ್ತಿ, ಎರಡು ಕಂಡೆನ್ಸರ್ ಸೇರಿಸಿದೆ.

ಮುಳ್ಳು ಒಂದೂಕಾಲಿನಿಂದ ಸೊನ್ನೆ ಬಿಂದು ಸೊನ್ನೆ ಎರಡಕ್ಕೆ ಬಿತ್ತು. ಆ ಉಳಿದ ಎರಡು ನನ್ನ ಮೀಟರಿನ ಸ್ವಂತದ್ದು.

ಅವನ ಹಸಿರು ಗೆರೆ ನಿಜ.

ಇದು ಗೊತ್ತಿರುವುದು ನನಗೊಬ್ಬನಿಗೆ. ಸಮಿತಿಯಲ್ಲಿ ಯಾರಿಗೂ ಫಿಲ್ಟರ್ ಅಂದರೇನು ಗೊತ್ತಿಲ್ಲ. ಶುಕ್ರವಾರ ಪೆಟ್ಟಿಗೆ ವಾಪಸ್ ಹೋಗುತ್ತದೆ, ನನ್ನ ಗೋಡೆ ಹಾಗೇ ಇರುತ್ತದೆ.

ನವೆಂಬರ್ 18, ಭಾನುವಾರ
172/104.

ಬರೆಯುವಂಥದ್ದು ಏನೂ ಇಲ್ಲ.

ನವೆಂಬರ್ 19, ಸೋಮವಾರ
168/100. ಗೋಡೆ 202.

ಮಧ್ಯಾಹ್ನ ಶೈಲೋಬೆಕ್ ನೆಲಮಾಳಿಗೆಗೆ ಬಂದ. ಕೋಟು ಬಿಚ್ಚದೆ ಹಳೆಯ ಸ್ಟೂಲಿನ ಮೇಲೆ ಕೂತ. ಮೊದಲು ಕೂರುತ್ತಿದ್ದ ಅದೇ ಸ್ಟೂಲು.

"ಚಾ ಇದೆಯಾ ಅಗಾಯ್?"

"ಒಂದೇ ಬಟ್ಟಲಿರೋದು."

"ಸರದಿ ಮೇಲೆ ಕುಡಿಯೋಣ."

ಕಂಪನಿಯಿಂದ ಉತ್ತರ ಬಂದಿದೆಯಂತೆ. ಶುಕ್ರವಾರ ಸಮಿತಿ ಬೇಡ ಅಂದರೆ ಇವನು ಬೆಳ್ಳಿ ಪೆಟ್ಟಿಗೆಯನ್ನು ಒಪ್ಪಿಸಿ ಮನೆಗೆ ಹೋಗಬಹುದಂತೆ. ಸುಳ್ಳು ಅಳತೆಗೆ ಸಹಿ ಹಾಕಿದವನನ್ನು ಅವರು ಇಟ್ಟುಕೊಳ್ಳುವುದಿಲ್ಲ. ಇದನ್ನೆಲ್ಲ ಹವಾಮಾನದ ಸುದ್ದಿಯಂತೆ ಹೇಳಿದ.

ನಾನು ಚಾ ಬಗ್ಗಿಸುತ್ತಿದ್ದೆ. ತಿರುಗಿ ನೋಡಿದರೆ ಮೇಜಿನ ಮೇಲಿನ ದಾರದ ಉರುಳೆ ಅವನ ಕೈಯಲ್ಲಿತ್ತು. ಮುಚ್ಚಿಡಲು ಮರೆತಿದ್ದೆ.

"ಅತ್ತಿಗೆಯ ದಾರದ ಉರುಳೆ ಅಲ್ವಾ ಇದು?" ಅಂದ. ಆಮೇಲೆ ತಂತಿಯ ಸುತ್ತು ನೋಡಿದ, ಕಂಡೆನ್ಸರ್ ನೋಡಿದ, ಅದು ಮೀಟರಿಗೆ ಹೋಗಿ ಸೇರುವ ಜಾಗ ನೋಡಿದ.

"ಎಷ್ಟಕ್ಕೆ ಇಳೀತು?"

"ಸೊನ್ನೆ ಬಿಂದು ಸೊನ್ನೆ ಎರಡು. ಉಳಿದದ್ದು ಮೀಟರಿನದು."

"ಚೆನ್ನಾಗಿ ಸುತ್ತಿದೀರಿ."

"ನಿನಗೆ ಯಾವಾಗ ಗೊತ್ತಾಯ್ತು?"

"ಒಂದೂಕಾಲು ಅಂತ ನೀವು ಓದಿದಾಗ್ಲೇ."

"ಅಲ್ಲೇ ಬಾಯ್ಬಿಡೋಕೆ ಏನಾಗಿತ್ತೋ ನಿನಗೆ?"

"ತಿನಾರಾ ಕುಬಾತೊವ್ನಾ ಎದುರಿಗಾ? ಅಗಾಯ್‌ಗೆ ಅಳೆಯೋಕೆ ಬರಲ್ಲ ಅಂತ ನಾನು ಹೇಳೋದಾ?" ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡ. "ನೀವು ಹೇಗಿದ್ರೂ ಎರಡನೇ ಸಲ ಅಳೀತೀರಿ ಅಂತ ಗೊತ್ತಿತ್ತು. ಮೂರು ದಿನದಲ್ಲಿ ಕಂಡುಹಿಡೀತೀರಿ ಅನ್ಕೊಂಡಿದ್ದೆ. ವಾರ ತಗೊಂಡ್ರಿ. ವಯಸ್ಸಾಯ್ತು ನಿಮಗೆ."

ಚಾ ಕುಡಿದು ಬಟ್ಟಲು ತೊಳೆದಿಟ್ಟು ಹೋದ. ನಿರ್ದೇಶಕಿಗೆ ಹೇಳಿ ಎಂದು ಕೇಳಲೇ ಇಲ್ಲ. ಕೇಳಿದ್ದರೆ ಬೈದು ಕಳಿಸಬಹುದಿತ್ತು.

ಅಂತೂ ದೊಡ್ಡತನದಲ್ಲೂ ಅವನೇ ಮುಂದೆ. ಕಿವಿ ಅವನದು, ಕೂದಲು ಅವನದು, ಗೋರಿಗೆ ಮೊದಲು ಹೋದವನು ಅವನು, ಈಗ ನನ್ನ ಮಾನ ಕಾಪಾಡಿದವನೂ ಅವನೇ. ಮೈಯೆಲ್ಲ ಉರಿಯುತ್ತಿದೆ. ಮಾತ್ರೆ ನುಂಗಿದೆ.

ನವೆಂಬರ್ 20, ಮಂಗಳವಾರ
150/90. ಗೋಡೆ 206.

ಬೆಳಿಗ್ಗೆ ಒಂಬತ್ತಕ್ಕೆ ತಿನಾರಾ ಕುಬಾತೊವ್ನಾ ಅವರ ಬಾಗಿಲು ತಟ್ಟಿದೆ.

"ನನ್ನ ವರದಿ ತಪ್ಪು. ಹರಿದು ಹಾಕಿ. ಹೊಸದು ಬರೆದು ತಂದಿದೀನಿ. ಕಂಪನಿಗೂ ಇವತ್ತೇ ಕಳಿಸಿ, ತಪ್ಪು ಯಾರದು ಅಂತ ಮೂರನೇ ಸಾಲಲ್ಲಿದೆ."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಎಸೆನ್ ಶಾಕಿರೊವಿಚ್, ನೀವು ತಪ್ಪು ಅಳೆದ್ರಾ?"

"ಅಳೆದದ್ದು ಸರಿ. ಯಾವುದನ್ನ ಅಳೀತಿದೀನಿ ಅನ್ನೋದು ತಪ್ಪು."

"ನನಗೊಂದೂ ಅರ್ಥ ಆಗಲ್ಲ. ಸರಿ, ಹಾಗಾದ್ರೆ ಸಹಿ ಹಾಕಿ."

ಪೆನ್ನು ಕೊಟ್ಟರು. ಅವರಿಂದ ಪೆನ್ನು ತೆಗೆದುಕೊಂಡಾಗ ನೆನಪಾಯಿತು, ಅವನ ಹತ್ತಿರ ಇರುವುದು ಎರಡೇ ಉಕ್ಕಿನ ಡಬ್ಬ. ಅವನು ಅಳೆದದ್ದು ಎರಡೆರಡೇ ಚಾನೆಲ್. ಎಂಟೂ ಒಟ್ಟಿಗೆ ದುಡಿಯುವಾಗ ಏನಾಗುತ್ತದೆ ಎಂದು ಯಾರೂ ನೋಡಿಲ್ಲ. ಒಬ್ಬ ಸೈನಿಕ ಹತ್ತು ಮೈಲಿ ನಡೆದ ಅಂದರೆ ಇಡೀ ಪಡೆ ಊಟ ನೀರು ಹಂಚಿಕೊಂಡು ನಡೆಯುತ್ತದೆ ಎಂದು ಅರ್ಥವೇ?

"ಸಹಿ ಈಗ್ಲೇ ಹಾಕಲ್ಲ" ಅಂದೆ. "ಎಂಟೂ ಒಟ್ಟಿಗೆ ಅಳೆದ ಮೇಲೆ."

"ಅಯ್ಯೋ ದೇವರೇ! ಇಬ್ಬರೂ ಸೇರಿ ಅದೇನು ಮಾಡ್ಕೋತೀರೋ ಗುರುವಾರದೊಳಗೆ ಮಾಡ್ಕೊಳ್ಳಿ" ಎಂದು ಕೈಮುಗಿದರು.

ಎಂಟು ಚಾನೆಲ್ಲಿಗೆ ಎಂಟು ಸುರುಳಿ ನನ್ನ ಹತ್ತಿರ ಇವೆ. ಎಂಟು ಬಕೀಟು ಬೇಕು. 'ಒಂದೇ ದೊಡ್ಡ ತೊಟ್ಟಿ ಸಾಕಲ್ಲ' ಎಂದು ಶೈಲೋಬೆಕ್ ಫೋನಿನಲ್ಲಿ ಅಂದ. ಒಂದೇ ನೀರಿನಲ್ಲಿ ಎಲ್ಲ ಸುರುಳಿ ಇಳಿಸಿದರೆ ನೀರೇ ಒಂದು ಚಾನೆಲ್ಲಿನ ಮಾತನ್ನು ಇನ್ನೊಂದರ ಕಿವಿಗೆ ಹೇಳುತ್ತದೆ. ಅಷ್ಟೂ ಮರೆತಿದ್ದಾನೆ! ಚೆನ್ನಾಗಿ ಉಗಿದೆ. ಬಹಳ ದಿನಗಳ ಮೇಲೆ ಮನಸ್ಸು ಹಗುರಾಯಿತು.

ನಾಳೆ ಹೋಗುವಾಗ ಮನೆಯಿಂದ ಇನ್ನೊಂದು ಬಟ್ಟಲು ಒಯ್ಯಬೇಕು. ಅಲ್ಲಿರುವುದರ ಅಂಚು ಒಡೆದಿದೆ.

ನವೆಂಬರ್ 22, ಗುರುವಾರ
ಗೋಡೆ 208.

ಸಾಲ್ಕಿನ್ ಮೂರು ಬಕೀಟು ಕೊಟ್ಟಳು, ಕ್ಯಾಂಟೀನಿನಿಂದ ಎರಡು, ನನ್ನದು ಒಂದು, ಶೈಲೋಬೆಕ್ ಅಕ್ಕನ ಮನೆಯಿಂದ ಒಂದು ತಂದ. ಏಳಾಯಿತು. ಎಂಟನೆಯದನ್ನು ನಾನು ಮನೆಯಿಂದ ತಂದೆ. ಎನಾಮಲ್ಲಿನದು, ಹೊಟ್ಟೆಯ ಮೇಲೆ ನೀಲಿ ಹೂವು, ಒಂದು ಕಡೆ ಚಕ್ಕೆ ಹಾರಿದೆ. ಬಾಲ್ಕನಿಯಲ್ಲಿ ಸುಮ್ಮನೆ ಕೂತಿತ್ತು. ಮುಚ್ಚಳದ ಮೇಲಿನ ಕಲ್ಲನ್ನು ತೆಗೆದು ಪಕ್ಕಕ್ಕಿಟ್ಟೆ.

ಶೈಲೋಬೆಕ್ ನೀರು ತುಂಬುತ್ತಾ ಬಂದವನು ಅದರ ಮುಂದೆ ನಿಂತುಬಿಟ್ಟ.

"ಇದು ಅತ್ತಿಗೆಯ ಎಲೆಕೋಸಿನ ಬಕೀಟು."

"ನನಗೆ ಗೊತ್ತಿಲ್ವಾ? ನೀರು ಹಾಕು."

"ಇದಕ್ಕಾ?"

"ಬಕೀಟು ಬಕೀಟೇ ಕಣೋ. ನೀರು ನಿಲ್ಲತ್ತೆ."

ಹಾಕಿದ, ಬೇರೆಲ್ಲದಕ್ಕಿಂತ ಮೆಲ್ಲಗೆ. ಸುರುಳಿಗಳನ್ನು ಮರದ ಕೋಲಿಗೆ ಕಟ್ಟಿ, ಬಕೀಟಿನ ಮೈಗೆ ತಾಗದಂತೆ ಇಳಿಬಿಟ್ಟೆವು. ರಂಗದ ಮೇಲೆ ಎಂಟು ಬಕೀಟು ಸಾಲಾಗಿ, ಎಂಟು ಜೊತೆ ತಂತಿ. ಗುಂಡಿಯ ಮೇಲೆ ಕೈ ಇಟ್ಟಾಗ ಕಾಲೇಜಿನ ಆ ಮೂರನೆಯ ವಾಕ್ಯ ತಾನಾಗಿ ಬಾಯಿಗೆ ಬಂತು. ಅದು ಒಪ್ಪಿಸುವವನದಲ್ಲ, ಮೇಡಂ ಹೇಳುತ್ತಿದ್ದದ್ದು: ದೆನ್ ಲೆಟ್ ಅಸ್ ಬಿಗಿನ್.

"ಏನಂದ್ರಿ?"

"ಶುರು ಮಾಡು ಅಂದೆ."

ಸ್ವರ ಹೋಯಿತು, ಯಾರಿಗೂ ಕೇಳಿಸದೆ. ನೀರಿನಲ್ಲಿ ಸಣ್ಣ ಗುಳ್ಳೆ ಎದ್ದವು. ಅವನು ತನ್ನ ಪೆಟ್ಟಿಗೆಯಲ್ಲಿ, ನಾನು ದಾರದ ಉರುಳೆಯ ಹಿಂದೆ ನನ್ನ ಮೀಟರಿನಲ್ಲಿ, ಒಂದೊಂದೇ ಚಾನೆಲ್ ಓದುತ್ತಾ ಹೋದೆವು. ಅವನು ಅಂಕಿ ಕೂಗುವುದು, ನಾನು ಬರೆಯುವುದು. ನಡುನಡುವೆ ಸುಮ್ಮನೆ ಕಾಯುವುದು. ಕಾಯುವಾಗ ಮಾತು ಬರುತ್ತದೆ.

"ಅವಳು ನಿನಗೇ ಮೊದಲು ಬಡಿಸ್ತಿದ್ದಳು" ಅಂದೆ. ಯಾಕೆ ಅಂದೆನೋ.

"ಬಡಿಸಿ ಏನಂತಿದ್ರು ಗೊತ್ತಾ? ನೀವು ಕೈ ತೊಳೆಯೋಕೆ ಎದ್ದಾಗ?"

"ಏನು?"

"'ಕಿವಿ ಇದೆ ಅಂತ ಮೆರೀಬೇಡ್ವೋ. ಕಿವಿ ಇವತ್ತೊಂದು ಹೇಳತ್ತೆ, ನಾಳೆ ಒಂದು ಹೇಳತ್ತೆ. ಅವರ ಪುಸ್ತಕ ನೋಡು, ಒಂದು ಅಂಕಿ ಅಳಿಸಿಲ್ಲ. ಅದನ್ನ ಕಲಿ.' ಪ್ರತಿ ಸಲ ಅದೇ ಪಾಠ. ಎಲೆಕೋಸು ಗಂಟಲಲ್ಲೇ ನಿಂತ್ಕೊಳ್ತಿತ್ತು. ನಿಮ್ಮ ಹೆಸರು ಕೇಳಿದ್ರೆ ಹೊಟ್ಟೆ ಉರೀತಿತ್ತು ಅಗಾಯ್, ಅಲ್ಮಾಟಿಗೆ ಹೋದ ಮೇಲೂ."

ನಾನು ಅವನ ಮುಖ ನೋಡಿದೆ. ನನ್ನನ್ನು ಸಮಾಧಾನ ಮಾಡುತ್ತಿದ್ದಾನೋ ಏನೋ ಅಂತ. ಹಾಗಿರಲಿಲ್ಲ. ಮುಖದಲ್ಲಿ ಹಳೆಯ ಸಿಟ್ಟು ಇನ್ನೂ ಸ್ವಲ್ಪ ಇತ್ತು. ಅದು ನನಗೆ ಪರಿಚಯದ್ದೇ.

ನಲವತ್ತನೇ ನಿಮಿಷಕ್ಕೆ ಆರನೇ ಚಾನೆಲ್ ಸದ್ದಿಲ್ಲದೆ ಅರ್ಧಕ್ಕೆ ಕುಸಿಯಿತು. ಅವನ ಬಣ್ಣದ ಗೆರೆ ಕೆಂಪಾಯಿತು, ನನ್ನ ಮುಳ್ಳೂ ಬಿತ್ತು. ಆರಿಸಿ ಕಪ್ಪು ಪೆಟ್ಟಿಗೆಯನ್ನು ಮುಟ್ಟಿ ನೋಡಿದೆ. ಎಡಮಗ್ಗುಲು ಸುಡುತ್ತಿತ್ತು. ಗಾಳಿ ಹೋಗುವ ಜಾಲರಿಯ ಮೇಲೆ, ದಾರಿಯಲ್ಲಿ ಗೀರು ಬೀಳದಿರಲಿ ಎಂದು ಅಂಟಿಸುವ ಪಾರದರ್ಶಕ ಪ್ಲಾಸ್ಟಿಕ್ಕು ಹಾಗೇ ಇತ್ತು! ಬಿಚ್ಚಬೇಕಾದವನು ಬಿಚ್ಚಿಲ್ಲ.

"ಇದನ್ನ ಯಾರಪ್ಪ ಬಿಚ್ಚಬೇಕಿತ್ತು? ಸಾಲ್ಕಿನಾ? ತಿನಾರಾ ಕುಬಾತೊವ್ನಾ ಅವರಾ?"

"ಸಾಕು ಬಿಡಿ ಅಗಾಯ್."

"ನಾಲ್ಕು ನಿಮಿಷದಲ್ಲಿ ಅಳತೆ ಮುಗಿಸೋ ಮಹಾನುಭಾವರಿಗೆ ಇದೆಲ್ಲಿ ಕಾಣತ್ತೆ! ವಯಸ್ಸಾಯ್ತು ನಿನಗೆ."

ಹತ್ತು ನಿಮಿಷ ಬಿಡದೆ ಕಾಡಿದೆ. ಅವನ ಕಿವಿ ಕೆಂಪಾಗುವವರೆಗೆ. ಪ್ಲಾಸ್ಟಿಕ್ಕು ಕಿತ್ತು ಮತ್ತೆ ಹಾಕಿ ಒಂದೂವರೆ ಗಂಟೆ ಓಡಿಸಿದೆವು. ಎಂಟಕ್ಕೆ ಎಂಟೂ ಅಲುಗಲಿಲ್ಲ. ಒಳ್ಳೆಯ ಯಂತ್ರ. ಬರೆಯುತ್ತಿದ್ದೇನೆ: ಒಳ್ಳೆಯ ಯಂತ್ರ.

ಕೊನೆಗೆ ಸಾಲ್ಕಿನ್ ಬಂದಳು. ಒಂದು ಬಕೀಟಿಗೆ ಬೆರಳು ಅದ್ದಿ, "ಅಯ್ಯೋ, ಬಿಸಿನೀರು! ಮೇಲಿನ ನಲ್ಲೀಲಿ ವಾರದಿಂದ ಇಲ್ಲ. ಒಲೆ ಎಲ್ಲಿಟ್ಟಿದೀರಿ?" ಅಂದಳು.

"ಒಲೆ ಇಲ್ಲಮ್ಮ. ಒಂದೇ ಸ್ವರ ಹಾಡಿಸಿ ಕಾಯಿಸಿದ್ದು."

"ದಿನಾ ಹಾಡಿಸಿ ಹಾಗಾದ್ರೆ" ಎಂದು ಏಳು ಬಕೀಟು ಒಯ್ದು ರಂಗವನ್ನು ಒರೆಸಿದಳು. ಎಂಟನೆಯದನ್ನು ಮುಟ್ಟಲು ಶೈಲೋಬೆಕ್ ಬಿಡಲಿಲ್ಲ. ಅದರ ನೀರಿನಲ್ಲಿ ನಾವಿಬ್ಬರೂ ಕೈ ತೊಳೆದುಕೊಂಡೆವು.

ನವೆಂಬರ್ 23, ಶುಕ್ರವಾರ

ಸಹಿ ಹಾಕಿದೆ. 'ಅಳೆದವರು' ಎಂಬಲ್ಲಿ ಇಬ್ಬರ ಹೆಸರಿದೆ. ಅವನದು ಮೇಲೆ ಬಂದಿದೆ, ಟೈಪು ಮಾಡಿದವರು ಹಾಗೆ ಮಾಡಿದ್ದಾರೆ. ಕಂಪನಿಯವರು ಫೋನು ಮಾಡಿ ಅವನಿಗೆ ಸೋಮವಾರದಿಂದ ಕೆಲಸಕ್ಕೆ ಬರಲು ಹೇಳಿದರಂತೆ. ಅವನು ಮಂಗಳವಾರ ಬರುತ್ತೇನೆ ಅಂದನಂತೆ.

ನನ್ನ ಎಂಟನ್ನು ಸೋಮವಾರ ಒಯ್ಯುತ್ತಾರೆ. ಬಿಚ್ಚಲು ಅವನು ಜೊತೆಗಿರುತ್ತಾನೆ, ಇಲ್ಲದಿದ್ದರೆ ಆ ಕೂಲಿಯವರು ತಂತಿಗಳನ್ನು ಕಿತ್ತೇ ಬಿಡುತ್ತಾರೆ. ಮೀಟರನ್ನು ನಾನು ಮನೆಗೆ ತಂದಿದ್ದೇನೆ, ತಿನಾರಾ ಕುಬಾತೊವ್ನಾ ಬೇಡವೆನ್ನಲಿಲ್ಲ.

ಬಕೀಟು ಹಿಡಿದುಕೊಂಡು ಬರುವಾಗ ಓಶ್ ಬಜಾರಿನಲ್ಲಿ ಎಲೆಕೋಸು ರಾಶಿ ಹಾಕಿದ್ದರು. ಬಕೀಟು ಖಾಲಿ ಇತ್ತಲ್ಲ, ನಾಲ್ಕು ತಗೊಂಡೆ. ಕ್ಯಾರೆಟ್ಟೂ ತಗೊಂಡೆ. ಕತ್ತರಿಸುವುದು ನನಗೆ ಬರುತ್ತದೆ, ಪ್ರತಿ ವರ್ಷ ಚಳಿಗಾಲಕ್ಕೆ ಮೊದಲು ನಾನೇ ಕತ್ತರಿಸಿ ಕೊಡುತ್ತಿದ್ದೆ. ಕಲ್ಲು ಯಾವುದು, ಎಷ್ಟು ದಿನ ಬಾಲ್ಕನಿಯಲ್ಲಿಡಬೇಕು, ಎಲ್ಲ ಗೊತ್ತು. ಉಪ್ಪು ಎಷ್ಟು ಅನ್ನುವುದೊಂದು ಗೊತ್ತಿಲ್ಲ. ಅವಳು ಅಳೆಯುತ್ತಿರಲಿಲ್ಲ, ಕೈಯಲ್ಲಿ ಹಾಕುತ್ತಿದ್ದಳು. ಮೂವತ್ತು ವರ್ಷ ಪಕ್ಕದಲ್ಲೇ ನಿಂತು ನೋಡಿದ್ದೇನೆ, ಒಮ್ಮೆಯೂ ಕೇಳಲಿಲ್ಲ.

ಅವನಿಗೆ ಹೇಳಿಕೊಟ್ಟಿದ್ದಾಳಂತೆ.

ಭಾನುವಾರ ಬಾ ಎಂದಿದ್ದೇನೆ.